ಎತ್ತಿ ಕಟ್ಟಿದ ಹೆರಳು

ಎಣ್ಣೆ ಹಚ್ಚಿದ ತಲೆ ಫೋಟೋದಲ್ಲಿ ಬೋಳಾಗಿ ಕಾಣುತ್ತದೆ ಎಂದರೆ ಸಿಂದಗಿಯ ಹೆಂಗಸರು ಯಾರೂ ನಂಬುತ್ತಿರಲಿಲ್ಲ. ಫೋಟೋ ತೆಗೆಸುವ ದಿನವೇ ನೆನಪಿಟ್ಟುಕೊಂಡು ಅರ್ಧ ಬಟ್ಟಲು ಕೊಬ್ಬರಿ ಎಣ್ಣೆ ತಿಕ್ಕಿಕೊಂಡು, ಹಣಿಗೆಯಿಂದ ಕೂದಲನ್ನು ತಲೆಗೆ ಅಂಟಿಸಿಕೊಂಡು ಬರುತ್ತಿದ್ದರು. ಮಾಡಿನ ಗಾಜಿನಿಂದ ಬೆಳಕು ಬಿದ್ದರೆ ನೆತ್ತಿಯ ಮೇಲೆ ತಾಟಿನಷ್ಟು ಅಗಲದ ಬಿಳಿ ಹೊಳಪು ಕಾಣುತ್ತಿತ್ತು. ನಾನು ಹಳೆಯ ಧೋತರದ ಚೂರು ಹಿಡಿದು ಒರೆಸಲು ಹೋದರೆ ಕೈ ತಳ್ಳುತ್ತಿದ್ದರು.

"ಛಲೋ ಎಣ್ಣಿ ಯಾಕ ಒರಸ್ತೀಯವ್ವ, ನಮ್ಮನ್ನೇನ ಮೂರು ದಿನ ಉಪಾಸ ಇದ್ದೋರಂಗ ತೋರಸ್ತೀಯೇನ?"

"ಒರಸದಿದ್ರ ಬೋಳಮ್ಮನಂಗ ಕಾಣ್ತೀರಿ. ಆಮ್ಯಾಲ ನನ್ನ ಬೈಬ್ಯಾಡ್ರಿ," ಎನ್ನುತ್ತಿದ್ದೆ. ಆಗಲೂ ನನ್ನ ನಾಲಿಗೆ ಹೀಗೆಯೇ ಇತ್ತು.

ಫೋಟೋ ಅಂಗಡಿ ನನ್ನ ಸೋದರಮಾವನದು. ನಮ್ಮ ಊರು ಮೋರಟಗಿಯಲ್ಲಿ ಆಗ ಹೈಸ್ಕೂಲು ಇರಲಿಲ್ಲವಾದ್ದರಿಂದ ಸಿಂದಗಿಯಲ್ಲಿ ಮಾವನ ಮನೆಯಲ್ಲಿದ್ದು ಓದುತ್ತಿದ್ದೆ. ಮಾವ ಹೆಂಗಸರ ಗದ್ದ ಹಿಡಿದು ಮುಖ ತಿರುಗಿಸುವ ಹಾಗಿರಲಿಲ್ಲ, ಸೆರಗು ಸರಿ ಮಾಡುವ ಹಾಗಂತೂ ಇರಲೇ ಇಲ್ಲ. ಎರಡು ಗಜ ದೂರ ನಿಂತು "ತಂಗೀ, ಸ್ವಲ್ಪ ಎಡಕ್ಕ, ಅಲ್ಲಲ್ಲ, ನಿನ್ನ ಎಡಕ್ಕ" ಎಂದು ಹೇಳಿ ಹೇಳಿ ಅವನ ಗಂಟಲು ಒಣಗುತ್ತಿತ್ತು. ನಾನು ಬಂದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಸಾಲಿ ಬಿಟ್ಟ ಕೂಡಲೇ ಪಾಟಿಚೀಲ ಮೂಲೆಗಿಟ್ಟು, ಬಂದವರ ತಲೆ ಬಾಚಿ, ಮುಖಕ್ಕೆ ಪೌಡರು ಹಚ್ಚಿ, ಕಣ್ಣಿಗೆ ಕಾಡಿಗೆ ತೀಡಿ ಪರದೆಯ ಮುಂದಿನ ಕುರ್ಚಿಯಲ್ಲಿ ಕೂರಿಸುವುದು.

ಯಾರೂ ಕಲಿಸಿದ್ದಲ್ಲ, ಕೆಟ್ಟ ಫೋಟೋ ನೋಡಿ ನೋಡಿ ಕಲಿತದ್ದು. ಅರಿಷಿಣ ಮೆತ್ತಿಕೊಂಡು ಬಂದರೆ ಮುಖ ಬೆಳ್ಳಗಾಗುವುದಿರಲಿ, ಬೂದಿ ಬಣ್ಣ ಬರುತ್ತಿತ್ತು. ಎಲೆ ಅಡಿಕೆ ತಿಂದ ತುಟಿ ಕಪ್ಪಾಗಿ ಬೀಳುತ್ತಿತ್ತು. ಪೌಡರನ್ನು ಮುಖಕ್ಕಷ್ಟೇ ಹಚ್ಚಿ ಕತ್ತಿಗೆ ಬಿಟ್ಟರೆ, ಯಾರದೋ ತಲೆ ತಂದು ಯಾರದೋ ಮೈಮೇಲೆ ಇಟ್ಟ ಹಾಗೆ ಕಾಣುತ್ತಿತ್ತು. ಹುಡುಗಿಯರ ಫೋಟೋ ಆಗ ಬಹುಮಟ್ಟಿಗೆ ಗಂಡಿನ ಮನೆಗೆ ಕಳಿಸಲು ತೆಗೆಸುವುದೇ ಆಗಿತ್ತು. "ಆಕಿ ಕೈಯಾಗ ಹೆರಳು ಹಾಕಿಸ್ಕೊಂಡ ಫೋಟೋ ತಿರುಗಿ ಬಂದಿಲ್ಲ" ಎಂದು ನಾಲ್ಕು ಓಣಿಯ ಹೆಂಗಸರು ಅಂದದ್ದೇ ತಡ, ನನಗೆ ಕೋಡು ಮೂಡಿದವು. ಹದಿನಾರು ವರ್ಷದ ಹುಡುಗಿಗೆ ಅಷ್ಟು ಸಾಕು. ಹೆರಳು ಹೆಣೆಯುವುದೆಂದರೆ ಈ ತಾಲೂಕಿನಲ್ಲಿ ನಾನೇ ಎಂದುಕೊಂಡಿದ್ದೆ.

ಆಗ ಸೀರೆ ಸಾವುಕಾರ ಮಾವನ ಅಂಗಡಿಗೆ ಬಂದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರಲ್ಲಿ ಅವನದೊಂದೊಂದು ಅಂಗಡಿ. ಸೊಲ್ಲಾಪುರದಲ್ಲಿ ಯಾವುದೋ ದೊಡ್ಡ ಅಂಗಡಿಯ ಗೋಡೆಗೆ, ಸೀರೆ ಉಟ್ಟ ಹೆಂಗಸಿನ ಆಳೆತ್ತರದ ಪಟ ಹಾಕಿದ್ದನ್ನು ನೋಡಿ ಬಂದಿದ್ದ. ತನ್ನ ನಾಲ್ಕೂ ಅಂಗಡಿಗೆ ಅಂಥದೇ ಬೇಕು, ಇಳಕಲ್ ಸೀರೆ ಉಟ್ಟದ್ದು. ಆದರೆ ಉಡುವವರು ಯಾರು? ಅಂಗಡಿಯ ಗೋಡೆಗೆ ಮಗಳ ಮುಖ ತೂಗುಹಾಕಲು ಯಾವ ಮನೆಯವರು ಒಪ್ಪುತ್ತಾರೆ? ನಾಟಕ ಕಂಪನಿಯವರನ್ನು ಕೇಳೋಣ ಎಂದು ಮಾವ ಅಂದರೆ ಸಾವುಕಾರ ತಲೆ ಕೊಡವಿದ.

"ಅವರುಟ್ಟ ಸೀರಿ ನಮ್ಮ ಗಿರಾಕಿ ಉಡೂದಿಲ್ರಿ. ಮನೆತನಸ್ಥರ ಹುಡುಗಿನ ಬೇಕು, ಮನೆತನಸ್ಥರು ಕೊಡೂದಿಲ್ಲ. ಹೆಂಗ ಮಾಡೂದು ಹೇಳ್ರಿ."

ಮಾವ ಗಲ್ಲ ಕೆರೆದುಕೊಂಡು ಯೋಚನೆ ಮಾಡಿದ. "ಸೀರಿ ಅಂದ್ರ ಸೆರಗು. ಸೆರಗ ಇರೂದು ಬೆನ್ನಿಗೆ. ಬೆನ್ನ ತಗಿಯೂಣ, ಮುಖದ ಉಸಾಬರಿನ ಬ್ಯಾಡ."

ಸಾವುಕಾರನಿಗೆ ಅದು ಬಹಳ ಹಿಡಿಸಿತು. ಉಟ್ಟವರಿಗೆ ಅದೇ ಸೀರೆ ಇನಾಮು ಎಂದ. ಬೆನ್ನು ಹುಡುಕುವ ಕೆಲಸ ನನಗೆ ಬಿತ್ತು.

ನಾನು ಹುಡುಕಲಿಲ್ಲ. ಯಾರ ಬೆನ್ನು ಎಂದು ಆ ಕ್ಷಣವೇ ಗೊತ್ತಿತ್ತು. ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ, ಹಿಟ್ಟಿನ ಗಿರಣಿಯವರ ಮಗಳು. ನೀಳ ಕತ್ತು, ಸೊಂಟ ದಾಟಿದ ಹೆರಳು, ಯಾವಾಗಲೂ ನೆಟ್ಟಗೆ ನಡೆಯುವ ಹುಡುಗಿ. ಅವಳಿಗಿದ್ದದ್ದು ಒಂದೇ ಆಸೆ, ಮೆಟ್ರಿಕ್ ಮುಗಿಸಿ ಟ್ರೇನಿಂಗಿಗೆ ಹೋಗಿ ಸಾಲಿ ಕಲಿಸುವ ಬಾಯಾರಾಗಬೇಕು. ಅವಳ ಅಪ್ಪ ಕೆಟ್ಟವರಲ್ಲ, ಆದರೆ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು: "ಮೆಟ್ರಿಕ್ ತನಕ ನಂದು. ಮುಂದ ಓದಸೂದು ಬಿಡೂದು ಗಂಡನ ಮನಿಯವರಿಗೆ ಬಿಟ್ಟದ್ದು." ಹಾಗಾಗಿ ಅವಳ ಓದೆಲ್ಲ ಇನ್ನೂ ಕಾಣದ ಯಾವುದೋ ಮನೆಯವರ ಕೈಯಲ್ಲಿತ್ತು.

ಮೊದಲು ಅವಳು ಒಲ್ಲೆನೆಂದಳು. "ಅವ್ವಗ ಗೊತ್ತಾದ್ರ ನನ್ನ ಚರ್ಮ ಸುಲೀತಾಳ."

"ಗೊತ್ತಾಗೂದ ಹೆಂಗ? ಬೆನ್ನ ಮ್ಯಾಲೇನ ಹೆಸರ ಬರದಿರ್ತೈತೇನ?" ಎಂದೆ.

ಈ ಮಾತನ್ನು ನಾನು ಎಷ್ಟು ಜಂಬದಿಂದ ಹೇಳಿದೆನೆಂದರೆ, ಈಗಲೂ ನೆನಪಾದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಎರಡು ದಿನ ಬೆನ್ನು ಹತ್ತಿ ಒಪ್ಪಿಸಿದೆ. ಅವಳ ಅವ್ವ ತವರಿಗೆ ಹೋಗಿದ್ದ ಒಂದು ರವಿವಾರ ಮುಂಜಾನೆ ಅವಳು ಅಂಗಡಿಯ ಹಿಂದಿನ ಬಾಗಿಲಿನಿಂದ ಬಂದಳು. ಸಾವುಕಾರ ಹೊರಗಿನ ಕಟ್ಟೆಯ ಮೇಲೆ ಕುಳಿತಿರಬೇಕು, ಒಳಗೆ ಬರಬಾರದು ಎಂದು ಮೊದಲೇ ಮಾತಾಗಿತ್ತು.

ಕಡುಗಪ್ಪು ಒಡಲಿನ ಸೀರೆ, ಕೆಂಪು ಸೆರಗು, ಸೆರಗಿನ ತುಂಬ ಬಿಳಿ ತೆನೆಯ ನೇಯ್ಗೆ. ಉಡಿಸಿ, ಸೆರಗನ್ನು ಬೆನ್ನಿನ ಮೇಲೆ ಅಗಲವಾಗಿ ಹರಡಿ, ಪರದೆಯ ಕಡೆ ಮುಖ ಮಾಡಿ ನಿಲ್ಲಿಸಿದೆ. ಮಾವ ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ಹಾಕಿ ಒಳಗಿಂದಲೇ ಗೊಣಗಿದ.

"ಹೆರಳ ಅಡ್ಡ ಬರಾಕತ್ತೈತಿ. ನಟ್ಟನಡು ತೆನಿ ಮುಚ್ಚೇತಿ."

ಹೆರಳನ್ನು ಮುಂದಕ್ಕೆ ಹಾಕಿದರೆ ಭುಜದ ಸೆರಗು ಜಾರುತ್ತಿತ್ತು. ಸಾವುಕಾರ ಕಟ್ಟೆಯಿಂದಲೇ "ತೆನಿ ಕಾಣಬೇಕ್ರಿ, ತೆನಿ" ಎಂದು ಕೂಗಿದ. ಆಗ ನನಗೆ ಸೊಲ್ಲಾಪುರದಲ್ಲಿ ಅಕ್ಕನ ಮನೆಗೆ ಹೋದಾಗ ನೋಡಿದ ಹೆಂಗಸರು ನೆನಪಾದರು. ಕೂದಲನ್ನೆಲ್ಲ ಕತ್ತಿನಿಂದ ಮೇಲಕ್ಕೆತ್ತಿ ನೆತ್ತಿಯ ಹಿಂದೆ ಎತ್ತರವಾಗಿ ಸುತ್ತಿ ಕಟ್ಟಿದ್ದರು. ನಮ್ಮ ಕಡೆ ಯಾರೂ ಹಾಗೆ ಕಟ್ಟುತ್ತಿರಲಿಲ್ಲ. ಮಾಡಿಯೇ ತೋರಿಸುತ್ತೇನೆ ಎಂದು ಅವಳ ಹೆರಳು ಬಿಚ್ಚಿದೆ.

ಎಲ್ಲ ಕೂದಲೂ ನಾನು ಹೇಳಿದಂತೆ ಕೇಳಿತು. ಹೆಡಕಿನಲ್ಲಿ, ಕತ್ತು ತಲೆಗೆ ಕೂಡುವಲ್ಲಿ, ಒಂದು ಬೊಟ್ಟಿನಷ್ಟು ಜಾಗ ಮಾತ್ರ ಕೇಳಲಿಲ್ಲ. ಅಲ್ಲಿಯ ಸಣ್ಣ ಕೂದಲು ತನ್ನಷ್ಟಕ್ಕೆ ತಾನೇ ಸುತ್ತಿಕೊಂಡು ನಿಲ್ಲುತ್ತಿತ್ತು. ನೀರು ಹಚ್ಚಿ ಒತ್ತಿದೆ, ಎದ್ದು ನಿಂತಿತು. ಪಿನ್ನು ಹಾಕಿದೆ, ಪಿನ್ನು ಜಾರಿತು. ಕೊನೆಗೆ ನೋಡಿದರೆ ಅದೇ ಚೆಂದ ಕಾಣುತ್ತಿತ್ತು. ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಆ ಸುಳಿ ಇನ್ನಷ್ಟು ಎದ್ದು ಕಾಣುವಂತೆ ತೀಡಿ ಬಿಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಸುಳಿಯೆಂದರೇನು ಎಂದು ಗೊತ್ತಿಲ್ಲದವಳೇನಲ್ಲ ನಾನು. ನಮ್ಮಪ್ಪ ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಮೊದಲು ಸುಳಿ ನೋಡುತ್ತಿದ್ದ, ಕೆಟ್ಟ ಜಾಗದಲ್ಲಿ ಸುಳಿ ಇದ್ದ ಎತ್ತನ್ನು ಪುಕ್ಕಟೆ ಕೊಟ್ಟರೂ ಒಲ್ಲೆ ಎನ್ನುತ್ತಿದ್ದ. ಹೆಣ್ಣುಮಕ್ಕಳಿಗೂ ಅದೇ ಲೆಕ್ಕ ಎಂದು ನನಗೆ ಯಾರೂ ಹೇಳಿರಲಿಲ್ಲ, ಯಾಕೆಂದರೆ ನನಗೆ ಅಂಥ ಸುಳಿ ಇರಲಿಲ್ಲ.

"ಹೆಂಗ ಕಾಣಾಕತ್ತೈತಿ?" ಎಂದು ಅವಳು ಪರದೆಗೆ ಮುಖ ಮಾಡಿಯೇ ಕೇಳಿದಳು. ಅಂಗಡಿಯಲ್ಲಿದ್ದದ್ದು ಗೋಡೆಯ ಒಂದೇ ಕನ್ನಡಿ. ಅದರಲ್ಲಿ ಬೆನ್ನು ನೋಡಿಕೊಳ್ಳಲು ಬರುತ್ತಿರಲಿಲ್ಲ.

"ರಾಣಿ ಹಂಗ. ಅಳ್ಳಾಡಬ್ಯಾಡ," ಎಂದೆ.

ಫೋಟೋ ಬಹಳ ಚೆನ್ನಾಗಿ ಬಂತು. ಸಾವುಕಾರ ಅದನ್ನು ಸೊಲ್ಲಾಪುರಕ್ಕೆ ಕಳಿಸಿದ, ದೊಡ್ಡದು ಮಾಡಿಸಿ, ಬಣ್ಣ ತುಂಬಿಸಿ, ಕಟ್ಟು ಹಾಕಿಸಲು. ಅದು ತಿರುಗಿ ಬರಲು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳಲ್ಲಿ ನಾವಿಬ್ಬರೂ ಅದನ್ನು ಮರೆತೇಬಿಟ್ಟಿದ್ದೆವು, ಯಾಕೆಂದರೆ ಅಷ್ಟರಲ್ಲಿ ಇಂಡಿಯಿಂದ ಅವಳನ್ನು ನೋಡಲು ಬಂದರು.

ಹುಡುಗ ಪ್ರಾಥಮಿಕ ಸಾಲಿಯ ಮಾಸ್ತರ. ತಂದೆ ಇಲ್ಲ, ತಾಯಿ ಮತ್ತು ಅವನು ಇಬ್ಬರೇ. ನೋಡಲು ಬಂದ ದಿನ ಮುಖಕ್ಕೆ ಪೌಡರು ಹಚ್ಚಲು ನನ್ನನ್ನೇ ಕರೆದಿದ್ದರು. ನಾನು ಹಣಿಗೆಯನ್ನೂ ತೆಗೆದುಕೊಂಡು ಹೋಗಿದ್ದೆ, ಆದರೆ ಅವಳ ಅವ್ವ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. "ಹೆರಳ ನಾನ ಹಾಕ್ತೇನಿ. ನೀ ಪೌಡರ ಹಚ್ಚು ಸಾಕು." ಹೆಡಕು ಮುಚ್ಚುವ ಹಾಗೆ ಸಡಿಲ ಬಿಟ್ಟು, ತೀರಾ ಕೆಳಗಿನಿಂದ ಹೆಣೆದು, ಮೇಲೆ ಮಲ್ಲಿಗೆಯ ದಂಡೆ ಸುತ್ತಿದರು. ಎಂಥ ಮುದುಕಿಯ ಹೆರಳಿದು ಎಂದು ನನಗೆ ಸಿಟ್ಟು ಬಂತು. ಊರೆಲ್ಲ ನನ್ನ ಕೈಗೆ ತಲೆ ಕೊಡುವಾಗ ಇವರದೇನು ದೊಡ್ಡಸ್ತಿಕೆ ಎಂದು ಮುಖ ಊದಿಸಿಕೊಂಡೆ.

ಆ ಹುಡುಗ ತಾನಾಗಿಯೇ ಎಲ್ಲರ ಮುಂದೆ ಹೇಳಿದ: "ಮೆಟ್ರಿಕ್ ಮುಗಿಸಲಿ. ಆಮ್ಯಾಲ ಟ್ರೇನಿಂಗಿಗೆ ಹಾಕ್ತೇನಿ. ಇಬ್ರೂ ನೌಕರಿ ಮಾಡೂಣ." ಅವನ ತಾಯಿಯೂ "ಓದಲೇಳ್ರಿ, ನನ್ನಂಗ ಹೆಬ್ಬೆಟ್ಟ ಆಗೂದೇನ ಬ್ಯಾಡ" ಎಂದರು. ಮರುದಿನ ಸಾಲಿಯಲ್ಲಿ ಗೆಳತಿ ಗಣಿತದ ತಾಸಿಡೀ ನಗುತ್ತಲೇ ಇದ್ದಳು. ಕಾರಣ ಕೇಳಿದರೆ ಹೇಳಲಿಕ್ಕೂ ಆಗದಷ್ಟು ನಗು. ಗುರುಗಳು ಇಬ್ಬರನ್ನೂ ಹೊರಗೆ ನಿಲ್ಲಿಸಿದರು, ಹೊರಗೆ ನಿಂತೂ ನಕ್ಕೆವು.

ಪರೀಕ್ಷೆ ಮುಗಿದ ಮೇಲೆಂದು ಗೊತ್ತಾಗಿದ್ದ ಮದುವೆಗೆ ಇನ್ನು ಮೂರು ತಿಂಗಳು ಇದೆ ಎನ್ನುವಾಗ ನಾಲ್ಕೂ ಅಂಗಡಿಗೆ ಪಟ ಬಂದವು.

ಅವಳ ಅವ್ವ ಸಿಂದಗಿಯ ಅಂಗಡಿಗೆ ಕುಪ್ಪಸದ ಖಣಕ್ಕೆಂದು ಹೋದವರು ಅದನ್ನು ನೋಡಿದರು. ಹೆತ್ತವಳಿಗೆ ಮಗಳ ಬೆನ್ನು ತಿಳಿಯದೇ ಇರುತ್ತದೆಯೇ? ಅಲ್ಲಿಂದ ನೆಟ್ಟಗೆ ನಮ್ಮ ಹಿತ್ತಿಲಿಗೆ ಬಂದರು. ನಾನು ಬಟ್ಟೆ ಒಗೆಯುತ್ತಿದ್ದೆ. ಬೈಯುತ್ತಾರೆ ಎಂದು ಎದ್ದು ನಿಂತರೆ ಅವರು ಒಗೆಯುವ ಕಲ್ಲಿನ ಮೇಲೆ ಕುಸಿದು ಕುಳಿತರು. ಬೈದಿದ್ದರೆ ಚೆನ್ನಾಗಿತ್ತು.

"ಆಕಿ ಹೆಡಕಿನ್ಯಾಗ ಸುಳಿ ಐತಿ," ಎಂದರು. "ಅಲ್ಲಿ ಸುಳಿ ಇದ್ದಾಕಿ ಗಂಡನ ಮನಿಗೆ ಕೇಡು ಅಂತಾರ. ಗಂಡಗರ ಅತ್ತಿಗರ. ಹುಟ್ಟಿದಾಗ ಸೂಲಗಿತ್ತಿ ತೋರಿಸಿದ್ಲು, ಯಾರ ಮುಂದೂ ಹೇಳಬ್ಯಾಡ ಅಂತ ಆಕಿ ಕೈ ಹಿಡಕೊಂಡಿದ್ದೆ. ಅವರಪ್ಪಗ ಗೊತ್ತಿಲ್ಲ. ಆಕಿಗೂ ಗೊತ್ತಿಲ್ಲ. ಹದಿನಾರು ವರ್ಷ ದಿನಾ ಮುಂಜಾನಿ ಮುಚ್ಚಿಕೋತ ಬಂದೇನಿ. ನೀ ಒಂದ ದಿನದಾಗ ನಾಕು ತಾಲೂಕಿಗೆ ತೋರಿಸಿದೆವ್ವ."

ನನ್ನ ಕೈಯಲ್ಲಿ ಹಿಂಡಿದ ಲಂಗ ಹಾಗೆಯೇ ಇತ್ತು. ಬೆರಳನ್ನು ನಾಲಿಗೆಗೆ ಮುಟ್ಟಿಸಿ ತೀಡಿದ್ದು ನೆನಪಾಯಿತು. ಅದನ್ನು ಮಾತ್ರ ಅವರಿಗೆ ಹೇಳಲಿಲ್ಲ, ಯಾರಿಗೂ ಹೇಳಿಲ್ಲ.

ಮಾವ ಅಂದೇ ಸಾವುಕಾರನ ಹತ್ತಿರ ಓಡಿದ. ಕಾರಣ ಹೇಳುವ ಹಾಗಿಲ್ಲ, ಹುಡುಗಿಯ ಮನೆಯವರಿಗೆ ಮನಸ್ಸಿಲ್ಲ ಎಂದಷ್ಟೇ ಹೇಳಿದ. ಸಾವುಕಾರ ಮುಖ ಹುಳ್ಳಗೆ ಮಾಡಿಕೊಂಡು ಸಿಂದಗಿಯ ಪಟ ಇಳಿಸಿದ. ಇಂಡಿಯದನ್ನೂ ಇಳಿಸಲು ಚೀಟಿ ಕಳಿಸುತ್ತೇನೆ ಎಂದ. ಕಳಿಸಿದನೋ, ಚೀಟಿ ದಾರಿಯಲ್ಲಿ ಕಳೆಯಿತೋ, ಅಂಗಡಿಯ ಗುಮಾಸ್ತ ನೋಡಿಯೂ ಸುಮ್ಮನಾದನೋ, ಇಂದಿಗೂ ನನಗೆ ಗೊತ್ತಿಲ್ಲ.

ನಮ್ಮ ಕಡೆ ಮದುವೆಯ ಜವಳಿಗೆ ಬಸ್ತಾ ಎನ್ನುತ್ತಾರೆ. ಎರಡೂ ಕಡೆಯವರು ಕೂಡಿ ಒಂದೇ ಅಂಗಡಿಗೆ ಹೋಗಿ ತೆಗೆಯಬೇಕು. ಹುಡುಗನ ತಾಯಿ ಹೇಳಿ ಕಳಿಸಿದರು: ಬಸ್ತಾ ಇಂಡಿಯಲ್ಲೇ ಆಗಲಿ, ಆ ಸಾವುಕಾರನ ಅಂಗಡಿಯಲ್ಲೇ ಆಗಲಿ, ಹೊಸ ಮಾಲು ಬಂದಿದೆಯಂತೆ. ಗೆಳತಿಯ ಅವ್ವ ಬಿಜಾಪುರಕ್ಕೆ ಹೋಗೋಣ ಎಂದು ಹೇಳಿಸಿ ನೋಡಿದರು, ಸಾಗಲಿಲ್ಲ. ಸಾಲದ್ದಕ್ಕೆ ಆ ತಾಯಿ ಇನ್ನೊಂದು ಮಾತು ಸೇರಿಸಿದ್ದರು. "ಹುಡುಗಿನ್ನೂ ಕರಕೊಂಡ ಬರ್ರಿ. ಉಡಾಕಿ ಆಕಿ, ಆಕಿ ಮನಸ್ಸಿಗೆ ಬಂದದ್ದ ತಗೊಳ್ಳಲಿ." ಯಾವ ಅತ್ತೆ ಆ ಕಾಲದಲ್ಲಿ ಹಾಗೆ ಹೇಳುತ್ತಿದ್ದಳು? ಅವರ ಒಳ್ಳೆಯತನವೇ ನಮಗೆ ಉರುಲಾಯಿತು.

ಗೆಳತಿಯ ಅವ್ವ ನನ್ನನ್ನೂ ಜೊತೆಗೆ ಕರೆದರು. "ನೀನೂ ಬಾ. ಏನರ ಆದ್ರ ನೀನ ಸಂಭಾಳಿಸು," ಎಂದರು. ಏನನ್ನು ಸಂಭಾಳಿಸಬೇಕು, ಹೇಗೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೋಟಾರಿನಲ್ಲಿ ಗೆಳತಿ ಕಿಟಕಿಯ ಪಕ್ಕ ಕುಳಿತು ದಾರಿಯುದ್ದಕ್ಕೂ ಟ್ರೇನಿಂಗಿನ ಮಾತಾಡಿದಳು. ಅಂಗಡಿಯಲ್ಲಿ ಪಟ ಇದ್ದೀತು ಎಂಬ ಅಂಜಿಕೆ ಅವಳಿಗೂ ಇತ್ತು, ಆದರೆ ಅವಳ ಲೆಕ್ಕದಲ್ಲಿ ಅದು ಸಣ್ಣ ಅಂಜಿಕೆ. "ಬೆನ್ನ ನೋಡಿ ಯಾರಿಗೆ ತಿಳೀತೈತಿ," ಎಂದು ನನ್ನ ಮಾತನ್ನೇ ನನಗೆ ಹೇಳಿ ಧೈರ್ಯ ತಂದುಕೊಂಡಳು. ಅವಳ ಅವ್ವ ನನ್ನ ಕಡೆ ನೋಡಿದರು, ನಾನು ಹೊರಗೆ ಹೊಲದ ಕಡೆ ನೋಡಿದೆ.

ಪಟ ಅಲ್ಲೇ ಇತ್ತು. ಗಾದಿಯ ಮೇಲ್ಗಡೆ, ಎಲ್ಲರಿಗೂ ಕಾಣುವಲ್ಲಿ. ಸೊಲ್ಲಾಪುರದವರು ಸೆರಗಿಗೆ ಕೆಂಪು, ಕತ್ತಿಗೆ ಗೋದಿ ಬಣ್ಣ ತುಂಬಿದ್ದರು. ಸುಳಿಗೆ ಅವರೇನೂ ಮಾಡಿರಲಿಲ್ಲ, ನಾನು ಮಾಡಿಟ್ಟಷ್ಟೇ ಇತ್ತು.

ಗಂಡಸರು ಹೊರಗಿನ ಬಾಕಿನ ಮೇಲೆ ಕುಳಿತರು. ಹುಡುಗ ಪೇಪರು ಹಿಡಿದುಕೊಂಡು ಓದಿದ ಹಾಗೆ ಮಾಡುತ್ತ ಒಳಗೆ ನೋಡುತ್ತಿದ್ದ. ಹೆಂಗಸರು ನಾವು ಗಾದಿಯ ಮೇಲೆ ಕುಳಿತೆವು. ಸೀರೆಗಳು ಒಂದರ ಮೇಲೊಂದು ಬಿಚ್ಚಿಕೊಂಡವು. ಒಂದು ತಾಸು ಯಾರೂ ಮೇಲೆ ನೋಡಲಿಲ್ಲ. ದೇವರು ದೊಡ್ಡವನು, ದಾಟಿಬಿಟ್ಟೆವು ಎಂದುಕೊಂಡೆ. ಗುಮಾಸ್ತ ಆರಿಸಿದ ಸೀರೆಗಳ ಗಂಟು ಕಟ್ಟಲು ದಾರ ಹುಡುಕುತ್ತಿದ್ದ. ಆಗ ಹುಡುಗನ ತಾಯಿ ಬೆನ್ನು ನೋಯುತ್ತದೆಂದು ಹಿಂದಕ್ಕೆ ಒರಗಿದರು, ಕಣ್ಣು ಗೋಡೆಯ ಮೇಲೆ ಹೋಯಿತು.

"ಆ ಪಟದಾಗಿನ ಸೀರಿ ಬಾಳ ಛಲೋ ಐತ್ರೀ. ಅಂಥಾದ್ದೈತೇನ?"

"ಐತ್ರಿ ಅವ್ವಾರ."

"ಇಳಸ್ರಿ ಅದನ್ನ. ದಡಿ ಹೆಂಗೈತಿ ನೋಡೂಣು. ನನ್ನ ಕಣ್ಣಿಗೆ ದೂರಂದು ಹತ್ತೂದಿಲ್ಲ."

ಪಟವನ್ನು ಇಳಿಸಿ ಅವರ ಮುಂದೆ ಗಾದಿಯ ಮೇಲೆ ನಿಲ್ಲಿಸಿದರು. ಅವರ ಬೆರಳು ದಡಿಯ ಮೇಲೆ ಹೋಯಿತು, ತೆನೆಯ ಮೇಲೆ ಹೋಯಿತು, ಭುಜ ದಾಟಿ ಮೇಲಕ್ಕೆ ಬಂದು ನಿಂತಿತು.

"ಅಯ್ಯ ಶಿವನ. ಈ ಹುಡುಗಿಗೆ ಹೆಡಕಿನ್ಯಾಗ ಸುಳಿ ಐತಲ್ಲ." ದನಿಯಲ್ಲಿ ಅಸಹ್ಯವಿರಲಿಲ್ಲ, ಬರೀ ಮರುಕವಿತ್ತು. ಗೆಳತಿಯ ಅವ್ವನ ಕಡೆ ತಿರುಗಿ, "ಹೆತ್ತಾಕಿ ಹೆಂಗ ಬಿಟ್ಲಂತೀನಿ. ಮುಚ್ಚಬಾರದೇನ್ರಿ ಇದನ್ನ?" ಎಂದರು.

"ಹೌದ್ರಿ," ಎಂದರು ಗೆಳತಿಯ ಅವ್ವ. "ಮುಚ್ಚಬೇಕಾಗಿತ್ರಿ."

ಆ ಹೆಣ್ಣುಮಗಳು ಆ ಮಾತನ್ನು ಹೇಗೆ ಆಡಿದರೋ. ನಾನು ಗೆಳತಿಯ ಕಡೆ ನೋಡಿದೆ. ತನ್ನ ಕತ್ತಿನ ಹಿಂದೆ ಏನೋ ಇದೆ ಎಂದು ಅವಳಿಗೆ ಗೊತ್ತಾದದ್ದೇ ಆಗ. ಅವಳ ಕೈ ತಾನಾಗಿಯೇ ಹೆಡಕಿಗೆ ಹೋಗಿತ್ತು.

ಪಟದ ಕೆಳಗೆ ಮಾವನ ಅಂಗಡಿಯ ಹೆಸರಿನ ಸಿಕ್ಕಾ ಇತ್ತು. ಗುಮಾಸ್ತ ಅದನ್ನು ಓದಿ ಹೇಳಿದ. ಹುಡುಗನ ತಾಯಿ ನನ್ನ ಕಡೆ ನೋಡಿದರು. "ಸಿಂದಗಿದೇನಿದು? ನಿಮ್ಮ ಮಾವಂದಲ್ಲೇನವ್ವ ಫೋಟೋ ಅಂಗಡಿ? ಯಾರ ಮಗಳೀಕಿ? ಮದಿವ್ಯಾಗೈತೇನ ಪಾಪ?"

ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಾಟಕದವಳು ಎಂದಿದ್ದರೂ ಮುಗಿಯುತ್ತಿತ್ತು. ಇದೆಲ್ಲ ಈಗ ಹೊಳೆಯುತ್ತದೆ. ಆಗ ನನಗೆ ಹೊಳೆದದ್ದು ಒಂದೇ, ಬೇರೆ ಯಾವ ಹುಡುಗಿಯ ಹೆಸರು ಹೇಳಿದರೂ ಈ ಕೇಡನ್ನು ಆ ಹುಡುಗಿಯ ತಲೆಗೆ ಕಟ್ಟಿದ ಹಾಗೆ, ನನಗಾದರೆ ಇನ್ನೂ ಯಾವ ಗಂಡೂ ಗೊತ್ತಾಗಿಲ್ಲ.

"ನಾನ್ರಿ," ಎಂದೆ. "ಅದು ನಂದ ಬೆನ್ರಿ."

ಆ ತಾಯಿ ಪಟವನ್ನು ಗೋಡೆಗೆ ಒರಗಿಸಿ, ಮೊಣಕಾಲ ಮೇಲೆ ನನ್ನ ಹತ್ತಿರ ಸರಿದರು. ಕನಿಕರದಿಂದಲೇ ನನ್ನ ಹೆರಳನ್ನು ಎತ್ತಿ ಬದಿಗೆ ಸರಿಸಿದರು. ಅವರ ಉಸಿರು ನನ್ನ ಕತ್ತಿಗೆ ತಾಕಿತು. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಕಾಣದ್ದಕ್ಕೇ ಇರಬೇಕು, ಬೇರೆಯವರು ನೋಡಬಹುದು ಎಂಬುದೂ ನನಗೆ ಮರೆತುಹೋಗಿತ್ತು.

"ಇಲ್ಲಲ್ಲವ್ವ," ಎಂದರು. "ನಿನ್ನ ಹೆಡಕ ಸ್ವಚ್ಛ ಐತಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೂರ್ಖಳಾದ ನಾನು ಕಳ್ಳಿಯಲ್ಲದಿದ್ದರೂ ನಾನೇ ಎಂದೆ. ಪಾಪದ ಗೆಳತಿ ಇನ್ನೂ ಹೆಡಕಿನಿಂದ ಕೈ ತೆಗೆದಿರಲಿಲ್ಲ. ಒಂದು ಹುಡುಗಿ ಇನ್ನಾರಿಗಾಗಿಯೋ ಸುಳ್ಳು ಹೇಳುತ್ತಿದ್ದಾಳೆ ಎಂದಾದರೆ, ಆ ಇನ್ನಾರು ಯಾರು ಎಂದು ಕಾಣಲು ಆ ತಾಯಿಗೆ ಕನ್ನಡಕ ಬೇಕಾಗಲಿಲ್ಲ.

"ಬಾರವ್ವ ಇಲ್ಲೆ," ಎಂದು ಗೆಳತಿಯನ್ನು ಕರೆದರು. "ನಿನ್ನ ಹೆರಳ ಸಡ್ಲಾಗೈತಿ. ಸರಿ ಮಾಡ್ತೇನಿ."

ಗೆಳತಿ ಅವ್ವನ ಮುಖ ನೋಡಿದಳು. ಅವ್ವ ನೆಲ ನೋಡುತ್ತಿದ್ದರು. ಅವಳು ಎದ್ದು ಹೋಗಿ ಬೆನ್ನು ಮಾಡಿ ಕುಳಿತಳು. ಆ ತಾಯಿ ಹೂವನ್ನು ಮೇಲಕ್ಕೆ ಸರಿಸಿ ನೋಡಿ, ಮತ್ತೆ ಮೆಲ್ಲಗೆ ಮುಚ್ಚಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು.

"ಬೀಗರ, ನಿಮ್ಮ ಮಗಳು ಬಂಗಾರದಂಥಾಕಿ. ನಾ ಬಿಟ್ಟು ಎಲ್ಲಿ ಹುಡುಕಲಿ ಇಂಥಾಕಿನ್ನ. ಆದ್ರ ನಾ ಒಬ್ಬನ್ನ ಇಟ್ಕೊಂಡು ಕುಂತಾಕಿ. ಅವರಪ್ಪ ಹ್ವಾದ್ರು, ದೊಡ್ಡಮಗ ಹ್ವಾದ. ಸುಳ್ಳಿದ್ರೂ ಇರಬಹುದ್ರಿ ಇದೆಲ್ಲಾ. ನನಗ ಧೈರ್ಯ ಸಾಲವಲ್ದು."

ಅವರಿಗೆ ಏನೆನ್ನಬೇಕು? ಬೈಯೋಣವೆಂದರೆ ನನ್ನ ಬಾಯಿಗೆ ಬರುವ ಬೈಗುಳ ಯಾವುದೂ ಅವರಿಗೆ ಹತ್ತುತ್ತಿರಲಿಲ್ಲ. ಅವರು ಎದ್ದು ಹೊರಗೆ ಹೋಗಿ ಮಗನಿಗೆ ಏನೋ ಹೇಳಿದರು. ಆ ಹುಡುಗ ಪೇಪರನ್ನು ನಾಲ್ಕು ಮಡಿಕೆ ಮಾಡಿದ. ಒಳಗೆ ಬಂದು ಒಂದು ಮಾತಾಡುತ್ತಾನೆ ಎಂದು ನಾನು ಕಾದೆ. ಅವ್ವನ ಹಿಂದೆ ನಡೆದು ಹೋದ. ಗುಮಾಸ್ತ ಗಂಟು ಕಟ್ಟಬೇಕಿದ್ದ ಸೀರೆಗಳನ್ನು ಮತ್ತೆ ಕಪಾಟಿಗೆ ಜೋಡಿಸಿದ.

ಮಗಳು ಫೋಟೋ ತೆಗೆಸಿದ್ದೂ, ಹೆಂಡತಿ ಸುಳಿ ಮುಚ್ಚಿಟ್ಟದ್ದೂ ಗೆಳತಿಯ ಅಪ್ಪನಿಗೆ ಒಂದೇ ದಿನ ಗೊತ್ತಾದವು. ಅವರು ಯಾರಿಗೂ ಕೈ ಮಾಡಲಿಲ್ಲ. ಮರುದಿನದಿಂದ ಅವಳನ್ನು ಸಾಲಿಗೆ ಕಳಿಸಲಿಲ್ಲ, ಅಷ್ಟೇ. ಪರೀಕ್ಷೆಗೆ ಎರಡೇ ತಿಂಗಳಿತ್ತು. ಮೆಟ್ರಿಕ್ ತನಕ ನಂದು ಎಂದ ಮಾತನ್ನೂ ಅವರು ಹಿಂದಕ್ಕೆ ತೆಗೆದುಕೊಂಡರು. ನಾನು ಹೋಗಿ ಅವರ ಕಾಲು ಹಿಡಿದೆ. ತಪ್ಪು ನಂದ್ರಿ ಕಾಕಾ, ಆಕಿದಲ್ರಿ ಎಂದೆ. "ಏಳವ್ವ," ಎಂದರು. "ನಿಂದಿದ್ರ ನಾ ಏನ ಮಾಡ್ಲಿ, ಆಕಿದಿದ್ರ ನಾ ಏನ ಮಾಡ್ಲಿ." ಗಿರಣಿಯ ಪಟ್ಟಾ ಹಾಕಿ ಚಾಲೂ ಮಾಡಿದರು. ಆ ಸಪ್ಪಳದಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ.

ವರ್ಷದೊಳಗೆ ಅವಳನ್ನು ಕೊಲ್ಹಾರಕ್ಕೆ ಎರಡನೆಯ ಸಂಬಂಧಕ್ಕೆ ಕೊಟ್ಟರು. ಆ ಮನುಷ್ಯನ ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮೊದಲ ಹೆಂಡತಿಯೂ ಹೋಗಿದ್ದಳು. ಆ ಮನೆಯಲ್ಲಿ ಸುಳಿಗೆ ಅಂಜುವವರು ಯಾರೂ ಉಳಿದಿರಲಿಲ್ಲ.

ನಾನು ಮೆಟ್ರಿಕ್ ಪಾಸಾದೆ. ಟ್ರೇನಿಂಗಿಗೂ ಹೋದೆ. ಅವಳು ಆಗಬೇಕೆಂದದ್ದು ನಾನಾದೆ. ಮೊದಲ ನೌಕರಿ ಮುದ್ದೇಬಿಹಾಳದಲ್ಲಿ, ಆಮೇಲೆ ಬಸವನ ಬಾಗೇವಾಡಿಯಲ್ಲಿ. ಎರಡೂ ಊರಿನ ಅಂಗಡಿಯಲ್ಲಿ ಆ ಪಟ ತೂಗುತ್ತಿತ್ತು. ಕೆಂಪು ಬಣ್ಣ ಮಾಸಿ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ಮುದ್ದೇಬಿಹಾಳದಲ್ಲಿ ಒಮ್ಮೆ ಧೈರ್ಯ ಮಾಡಿ, ಅದನ್ನು ಇಳಿಸುತ್ತೀರಾ ಎಂದು ಕೇಳಿದೆ. "ಯಾಕ್ರಿ ಬಾಯಾರ, ಎಲ್ಲಾರೂ ಅದನ್ನ ನೋಡಿನ ಸೀರಿ ಕೇಳ್ತಾರ," ಎಂದರು. ನಾನು ಒಂದು ಕುಪ್ಪಸದ ಬಟ್ಟೆ ತೆಗೆದುಕೊಂಡು ಬಂದೆ. ಮಾವನ ಅಂಗಡಿಯಲ್ಲಿ ಯಾರ ತಲೆಗೂ ಮತ್ತೆ ಕೈ ಹಾಕಲಿಲ್ಲ. ಕೇಳಿದವರಿಗೆ ಪರೀಕ್ಷೆಯ ಓದು ಇದೆ ಎನ್ನುತ್ತಿದ್ದೆ.

ಅವಳ ತಲೆಗೆ ಮಾತ್ರ ಒಂದು ಸಲ ಹಾಕಿದೆ.

ಬಸ್ತಾ ಮುರಿದು ಇಂಡಿಯಿಂದ ಬಂದ ನಾಲ್ಕೈದು ದಿನಕ್ಕೆ ಒಂದು ಮಧ್ಯಾಹ್ನ ಅವಳ ಮನೆಗೆ ಹೋಗಿದ್ದೆ. ಅವಳ ಅವ್ವ ಗಿರಣಿಗೆ ಬುತ್ತಿ ಕೊಡಲು ಹೋಗಿದ್ದರು. ಅವಳು ಬಾಗಿಲು ತೆಗೆದು ಒಳಗೆ ಬಿಟ್ಟುಕೊಂಡಳು. ಜಗಳ ತೆಗೆಯಲಿ, ಎರಡು ಮಾತು ಅನ್ನಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಅವಳು ಗೂಟಕ್ಕಿದ್ದ ಕನ್ನಡಿ ತೆಗೆದು ನನ್ನ ಕೈಗೆ ಕೊಟ್ಟಳು. ಇನ್ನೊಂದನ್ನು, ಅಪ್ಪ ದಾಡಿ ಮಾಡಿಕೊಳ್ಳುವ ಸಣ್ಣದನ್ನು, ತಾನು ಹಿಡಿದುಕೊಂಡಳು.

"ನಾ ನೋಡೇ ಇಲ್ಲ," ಎಂದಳು. "ತೋರಸು."

ಹೆರಳು ಬಿಚ್ಚಿ, ಅಂದಿನ ಹಾಗೆಯೇ ಮೇಲಕ್ಕೆತ್ತಿ ಒಂದು ಕೈಯಲ್ಲಿ ಹಿಡಿದೆ. ಇನ್ನೊಂದು ಕೈಯಲ್ಲಿ ದೊಡ್ಡ ಕನ್ನಡಿ ಹಿಡಿದು ಅವಳ ಬೆನ್ನ ಹಿಂದೆ ನಿಂತೆ. ಅವಳು ಸಣ್ಣ ಕನ್ನಡಿಯನ್ನು ಆ ಕಡೆ ಈ ಕಡೆ ತಿರುಗಿಸಿದಳು. ಮೊದಲು ಗೋಡೆ ಕಂಡಿತು, ಆಮೇಲೆ ನನ್ನ ಮುಖ ಕಂಡಿತು, ಆಮೇಲೆ ಅದು. ಅವಳು ಬಹಳ ಹೊತ್ತು ನೋಡಿದಳು. ನನ್ನ ಕೈಯ ಕನ್ನಡಿ ವಾಲಿತು. "ಅಳ್ಳಾಡಬ್ಯಾಡ," ಎಂದಳು.

ಕೊನೆಗೆ ಕನ್ನಡಿ ಕೆಳಗಿಟ್ಟಳು.

"ಬರೇ ಇಷ್ಟ ಏನು?" ಎಂದಳು.

"ಇಷ್ಟ," ಎಂದೆ.

ಹೊರಗೆ ಅಗಳಿಯ ಸಪ್ಪಳವಾಯಿತು. "ಅವ್ವ ಬಂದ್ಲು, ಲಗೂನ ಮುಚ್ಚು," ಎಂದಳು. ನಾನು ಕೂದಲನ್ನು ಕೆಳಗೆ ಬಿಟ್ಟು, ಅವಳ ಅವ್ವ ಹಾಕುತ್ತಿದ್ದ ಹಾಗೆಯೇ, ಹೆಡಕು ಮುಚ್ಚುವಂತೆ ಸಡಿಲವಾಗಿ ಹೆರಳು ಹಾಕಿದೆ.